ದೆಹಲಿಗೆ ಉಪರಾಷ್ಟ್ರಪತಿ, ಹಾಸನಕ್ಕೆ ಪೌತಿ ಖಾತೆ

2025ರ ಜುಲೈ 21ರ ರಾತ್ರಿ ಉಪರಾಷ್ಟ್ರಪತಿ ಜಗದೀಪ್ ಧನಕರ್ ರಾಜೀನಾಮೆ ಕೊಟ್ಟರು. ಕಾರಣ ಆರೋಗ್ಯ ಎಂದರು. ನಂಬುವವರು ನಂಬಿದರು. ಸೆಪ್ಟೆಂಬರ್ 12ರಂದು ಸಿ.ಪಿ. ರಾಧಾಕೃಷ್ಣನ್ ಪ್ರಮಾಣವಚನ ತೆಗೆದುಕೊಳ್ಳುವ ತನಕ ದೇಶದ ಎರಡನೇ ಕುರ್ಚಿ ಖಾಲಿ. ಹಾಸನದಲ್ಲಿ ಅದರಿಂದ ಒಂದು ಮೂಟೆ ಆಲೂಗಡ್ಡೆಯ ಬೆಲೆಯೂ ಅಲುಗಾಡಲಿಲ್ಲ.

ತಪ್ಪು ನಮ್ಮದಲ್ಲ. ಹುದ್ದೆಯೇ ಹಾಗಿದೆ. ಉಪರಾಷ್ಟ್ರಪತಿ ಅನ್ನುವ ಕಾರಣಕ್ಕೆ ಒಂದು ರೂಪಾಯಿ ಸಂಬಳವಿಲ್ಲ. ರಾಜ್ಯಸಭೆಯ ಸಭಾಪತಿ ಅಂತ ತಿಂಗಳಿಗೆ 4 ಲಕ್ಷ. ದೊಡ್ಡ ಹುದ್ದೆ ಬಿಟ್ಟಿ, ಗಲಾಟೆ ಸುಮ್ಮನಾಗಿಸುವ ಕೆಲಸಕ್ಕೆ ಕೂಲಿ. ಉಳಿದದ್ದು ಒಂದೇ. ರಾಷ್ಟ್ರಪತಿಗೆ ಏನಾದರೂ ಆಗುವ ತನಕ ಕಾಯುವುದು. ಕಾಯುತ್ತಿದ್ದೇನೆ ಅಂತ ತೋರಿಸಿಕೊಳ್ಳದಿರುವುದು.

ನಮ್ಮವರೊಬ್ಬರಿಗೆ ಆ ಕಾಯುವಿಕೆ ಫಲ ಕೊಟ್ಟಿತ್ತು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಅದೇ ದಿನ ಜಮಖಂಡಿಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿ. ಚುನಾವಣೆಯಲ್ಲಿ ಇಂದಿರಾ ಸೋತರು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದೂ ಜತ್ತಿಯವರೇ. ಏಪ್ರಿಲ್‌ನಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಕಡತ ಕಳಿಸಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ದೆಹಲಿಗೆ ಗಾಬರಿ. ರಬ್ಬರ್ ಸ್ಟಾಂಪು ಯೋಚನೆ ಮಾಡುತ್ತಿದೆ!

1975ರಲ್ಲಿ ತುರ್ತುಪರಿಸ್ಥಿತಿಗೆ ಫಕ್ರುದ್ದೀನ್ ಯೋಚಿಸದೆ ಸಹಿ ಹಾಕಿದರು ಅಂತ ಬೈದವರೇ, 1977ರಲ್ಲಿ ಜತ್ತಿ ಯೋಚಿಸಿದರು ಅಂತ ಬೈದರು. ಏಪ್ರಿಲ್ 30ರಂದು ಸಹಿ ಬಿತ್ತು. ಪ್ರಜಾಪ್ರಭುತ್ವ ಉಸಿರು ಬಿಟ್ಟಿತು.

ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಿ ಬಂದರು. ಜತ್ತಿ ಎದ್ದು ಹಳೆಯ ಕುರ್ಚಿಗೆ ಮರಳಿದರು. 1979ರ ತನಕ ಅಲ್ಲೇ. ಅಮೆರಿಕದಲ್ಲಿ ಕೆನಡಿ ಸತ್ತ ದಿನವೇ ಜಾನ್ಸನ್ ವಿಮಾನದೊಳಗೆ ಪ್ರಮಾಣ ಮಾಡಿ, ಉಳಿದ ಅವಧಿಯನ್ನೂ ತಮ್ಮದು ಮಾಡಿಕೊಂಡರು. ನಮ್ಮ ಸಂವಿಧಾನ ಅಷ್ಟು ಉದಾರಿಯಲ್ಲ. ಆರು ತಿಂಗಳೊಳಗೆ ಚುನಾವಣೆ ಮಾಡಿ ಅನ್ನುತ್ತದೆ. ಕಾದವನಿಗೇ ಕೊಡಿ ಅನ್ನುವುದಿಲ್ಲ.

ಈ ಶಿಸ್ತು ದೆಹಲಿಯಿಂದ ಹೊರಟು ಬೆಂಗಳೂರಿನಲ್ಲೇ ಇಳಿದುಹೋಯಿತು. ಉಪಮುಖ್ಯಮಂತ್ರಿ ಅನ್ನುವ ಹುದ್ದೆ ಸಂವಿಧಾನದಲ್ಲೇ ಇಲ್ಲ. ಅದಕ್ಕೇ ಅದರ ಮೇಲೆ ಅಷ್ಟು ಆಸೆ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ಹೊರಟಾಗ ಉಪಮುಖ್ಯಮಂತ್ರಿ ಜೆ.ಎಚ್. ಪಟೇಲರಿಗೆ ಕುರ್ಚಿ ಸಿಕ್ಕಿತು. ಯಡಿಯೂರಪ್ಪ ಅದನ್ನು ನೋಡಿಯೇ ನಂಬಿರಬೇಕು. 20 ತಿಂಗಳು ಉಪಮುಖ್ಯಮಂತ್ರಿಯಾಗಿ ಕಾದರು. 2007ರ ಅಕ್ಟೋಬರ್‌ನಲ್ಲಿ, ಕುರ್ಚಿ ಬಿಟ್ಟುಕೊಡುವ ಮಾತು ಕೊಟ್ಟಿದ್ದ ಮುಖ್ಯಮಂತ್ರಿ, ದೇವೇಗೌಡರ ಮಗ ಕುಮಾರಸ್ವಾಮಿ ಏಳಲೇ ಇಲ್ಲ. ನವೆಂಬರ್‌ನಲ್ಲಿ ಕೊಟ್ಟರು, ಒಂದೇ ವಾರದಲ್ಲಿ ಕಸಿದುಕೊಂಡರು. ಬಿಜೆಪಿ ಊರೂರಲ್ಲಿ ‘ವಚನಭ್ರಷ್ಟ’ ಅಂತ ಕೂಗಿತು. 2024ರಲ್ಲಿ ಅದೇ ಬಿಜೆಪಿ ಅದೇ ಕುಮಾರಸ್ವಾಮಿಯವರನ್ನು ಕೇಂದ್ರ ಮಂತ್ರಿ ಮಾಡಿತು. ವಚನಕ್ಕೂ ವಾಯಿದೆ ಇರುತ್ತದೆ, ಪಾಪ.

ಹಾಸನಕ್ಕೆ ಬಂದರೆ ಉಪ ಅನ್ನುವ ಹುದ್ದೆಯೇ ಬೇಡ. ಇಲ್ಲಿ ಪೌತಿ ಖಾತೆ ನಡೆಯುತ್ತದೆ. ಅರಕಲಗೂಡಿನ ರೈತ ಅಪ್ಪನ ಒಂದೆಕರೆಗೆ ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ ತರಬೇಕು, ವಂಶವೃಕ್ಷ ತರಬೇಕು, ನಾಡಕಚೇರಿಗೆ ಚಪ್ಪಲಿ ಸವೆಸಬೇಕು. ಲೋಕಸಭಾ ಕ್ಷೇತ್ರಕ್ಕೆ ವಂಶವೃಕ್ಷ ಒಂದೇ ಸಾಕು. ಯಾರೂ ಸಾಯಬೇಕಾಗಿಯೂ ಇಲ್ಲ.

2019ರಲ್ಲಿ ದೇವೇಗೌಡರು ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣ ಅವರ ಹೆಸರಿಗೆ ಬರೆದು ತುಮಕೂರಿಗೆ ಹೋದರು. ಸೋತರು. ಗೆದ್ದ ಮೊಮ್ಮಗ ಮರುದಿನವೇ, ತಾತನಿಗಾಗಿ ರಾಜೀನಾಮೆ ಕೊಡುತ್ತೇನೆ ಅಂದರು. ಕೊಡಲಿಲ್ಲ. ತಾತ 2020ರಲ್ಲಿ ರಾಜ್ಯಸಭೆಗೆ ಹೋಗಿ ಉಪರಾಷ್ಟ್ರಪತಿಯ ಎದುರು ಕುಳಿತರು. 2025ರ ಆಗಸ್ಟ್‌ನಲ್ಲಿ ಆ ಮೊಮ್ಮಗನಿಗೆ ಅತ್ಯಾಚಾರ ಪ್ರಕರಣದಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಟಿಕೆಟ್ ಕೊಟ್ಟ ದಿನ ಯಾರೂ ಅರ್ಹತೆ ಕೇಳಿರಲಿಲ್ಲ. ತಾತ ಯಾರು ಅಂತ ಗೊತ್ತಿತ್ತಲ್ಲ.

ಕುಟುಂಬ ರಾಜಕಾರಣ ಸಾಕು ಅಂತ ಜಿಲ್ಲೆ 2024ರಲ್ಲಿ ಎದ್ದು ನಿಂತಿತು. ಗೆಲ್ಲಿಸಿದ್ದು ಶ್ರೇಯಸ್ ಪಟೇಲ್ ಅವರನ್ನು. ಅವರು ಯಾರು? 1999ರಲ್ಲಿ ಇದೇ ಹಾಸನದಲ್ಲಿ ದೇವೇಗೌಡರನ್ನು ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ. ಒಬ್ಬ ತಾತ ಬೇಡವೆಂದರೆ ಇನ್ನೊಬ್ಬ ತಾತ. ಬದಲಾವಣೆ ಅಂದರೆ ಇದು.

2023ರಲ್ಲಿ ಹಾಸನ ವಿಧಾನಸಭೆಗೆ ಪ್ರಜ್ವಲ್ ಅವರ ತಾಯಿ ಭವಾನಿ ರೇವಣ್ಣ ಟಿಕೆಟ್ ಕೇಳಿದರು. ಮನೆಯಲ್ಲೇ ಯುದ್ಧ. ಸಾಮಾನ್ಯ ಕಾರ್ಯಕರ್ತನಿಗೆ ಕೊಡುತ್ತೇವೆ ಅಂತ ಕುಮಾರಸ್ವಾಮಿ ಹಟ ಹಿಡಿದರು, ಗೆದ್ದರು. ಆ ಸಾಮಾನ್ಯ ಕಾರ್ಯಕರ್ತ ಸ್ವರೂಪ್ ಪ್ರಕಾಶ್, ಮಾಜಿ ಶಾಸಕ ಎಚ್.ಎಸ್. ಪ್ರಕಾಶ್ ಅವರ ಮಗ. ಹಾಸನದಲ್ಲಿ ಸಾಮಾನ್ಯರೂ ಶಾಸಕರ ಮನೆಯಲ್ಲೇ ಹುಟ್ಟುತ್ತಾರೆ.

ಎ. ಮಂಜು ಅವರನ್ನು ಬಿಟ್ಟರೆ ಅರಕಲಗೂಡಿಗೆ ಬೇಜಾರಾದೀತು. ಕಾಂಗ್ರೆಸ್ ಮಂತ್ರಿಯಾಗಿದ್ದರು. 2019ರಲ್ಲಿ ಬಿಜೆಪಿಯಿಂದ ಪ್ರಜ್ವಲ್ ವಿರುದ್ಧ ನಿಂತು ಸೋತರು. ಆಯ್ಕೆ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಆಯ್ಕೆಯನ್ನು ಅಸಿಂಧು ಅಂತ ಹೇಳುವ ಹೊತ್ತಿಗೆ ಅರ್ಜಿದಾರರು ಪ್ರಜ್ವಲ್ ಅವರ ಜೆಡಿಎಸ್ ಪಕ್ಷದ್ದೇ ಶಾಸಕರು! ಮಗ ಮಂತರ್ ಗೌಡ ಮಡಿಕೇರಿಯಲ್ಲಿ ಕಾಂಗ್ರೆಸ್ ಶಾಸಕ. ಅಪ್ಪನದು ತೆನೆ, ಮಗನದು ಕೈ. ಸಿದ್ಧಾಂತದ ಮಾತು ಬಂದಾಗ ಇಬ್ಬರೂ ಗಂಭೀರವಾಗಿರುತ್ತಾರೆ.

ನಾವೇನು ಕಡಿಮೆಯೇ? ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ದೇಶದ ಉಪರಾಷ್ಟ್ರಪತಿ ಯಾರು ಅಂತ ಕೇಳಿ. ನಾಲ್ಕು ಜನ ಮುಖ ಮುಖ ನೋಡಿಕೊಳ್ಳುತ್ತಾರೆ, ಒಬ್ಬ ಮೊಬೈಲ್ ತೆಗೆಯುತ್ತಾನೆ. ಮುಂದಿನ ಎಂಪಿ ಯಾರಾಗ್ತಾರೆ ಅಂತ ಕೇಳಿ. ಮನೆ ಯಾವುದು ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ಆ ಮನೆಯ ಯಾವ ಹುಡುಗ ಅನ್ನುವುದರ ಮೇಲೆ ಜಗಳ.