ಗ್ಯಾಸ್ ಖಾಲಿ ಸಾರ್!

ರಾಯದುರ್ಗದ ಏಪ್ರಿಲ್‌ನಲ್ಲಿ ಏಸಿ ಮಾತು ಕೇಳದಿದ್ದರೆ ಮೊದಲು ಕೆಡುವುದು ಮನೆಯವರ ಬುದ್ಧಿ. 24 ಇಟ್ಟರೂ ಕೋಣೆ ತಣ್ಣಗಾಗಲಿಲ್ಲವೇ? 20ಕ್ಕೆ ಇಳಿಸು. ಆಗಲೂ ಇಲ್ಲವೇ? 16. ರಿಮೋಟು ಬಿಟ್ಟಿದ್ದರೆ ಸೊನ್ನೆಗೂ ಇಳಿಸುತ್ತಿದ್ದರು.

ಡಬ್ಬದ ಮೇಲೆ ಹೊಳೆಯುವ ಆ ಅಂಕಿ ಕೋಣೆಯ ಉಷ್ಣಾಂಶವಲ್ಲ ಸ್ವಾಮಿ. ಅದು ನೀವು ಹಾಕಿದ ಅರ್ಜಿ. ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಆಗುತ್ತದೆಂದು ಈ ದೇಶದಲ್ಲಿ ಇನ್ನೂ ನಂಬುವವರಿದ್ದಾರಲ್ಲ!

ಬಿಸಿ ಅಳೆಯುವುದು ಜಾಲರಿಯ ಹಿಂದೆ ಕೂತ ಪುಟ್ಟ ಸೆನ್ಸರ್. ಅದು ಕ್ಲಿಪ್ಪಿನಿಂದ ಜಾರಿ ತಣ್ಣನೆಯ ಕಾಯಿಲ್‌ಗೆ ತಾಗಿತೋ, ಮುಗಿಯಿತು. ಕೋಣೆ ತಂಪಾಗಿದೆ ಎಂದು ತೀರ್ಮಾನಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ನೀವು ಬೆವರುತ್ತೀರಿ. ಅದರ ವರದಿಯಲ್ಲಿ ಎಲ್ಲವೂ ಕ್ಷೇಮ. ತಣ್ಣನೆಯ ಕೋಣೆಯಲ್ಲಿ ಕೂತು ಬರದ ವರದಿ ಬರೆಯುವವರನ್ನು ಕಂಡ ಅನಂತಪುರದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಮೆಕ್ಯಾನಿಕ್ ಬರುತ್ತಾನೆ. ಜಾಲರಿ ಬಿಚ್ಚುವುದಿಲ್ಲ. ಮೀಟರ್ ಹಚ್ಚುವುದಿಲ್ಲ. ಗಾಳಿಗೆ ಅಂಗೈ ಒಡ್ಡುತ್ತಾನೆ. "ಗ್ಯಾಸ್ ಖಾಲಿ ಸಾರ್."

ಓಡಿಸಿದಷ್ಟೂ ಮುಗಿಯಲು ಅದೇನು ಸ್ಕೂಟರಿನ ಪೆಟ್ರೋಲೇ? ಮುಚ್ಚಿದ ಕೊಳವೆಯೊಳಗೆ ಸುತ್ತುವ ಅನಿಲ ಅದು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಮುಚ್ಚದೆ ತುಂಬಿದರೆ ಮುಂದಿನ ಬೇಸಿಗೆಗೂ ಅವನ ಕೆಲಸ ಗಟ್ಟಿ. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ ಶುರುವಾದದ್ದು ನಮ್ಮದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದರ ಏಸಿ ಶಾಖೆ ಇದು. ಕೂಲಿ ಮಾತ್ರ ನಮ್ಮ ಜೇಬಿನಿಂದ.

ಹೊರಗಿನ ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ ಗುಂಯ್‌ಗುಟ್ಟಿ ಸುಮ್ಮನಾಗುತ್ತಿದೆ ಎಂದರೆ ಬಹಳ ಸಲ ಊದಿಕೊಂಡಿರುವುದು ಕೆಲವು ನೂರು ರೂಪಾಯಿಯ ಕೆಪಾಸಿಟರ್. ಬಿಲ್ಲು ಬರುವುದು ಕಂಪ್ರೆಸರಿನದು.

ಧೂಳಿನ ಕಥೆಯೂ ಕೇಳಿ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಹಗರಿ ಹೊಳೆಯ ಮರಳು ಗಾಳಿಗೆದ್ದು ಹೊಲಗಳನ್ನೇ ಮುಚ್ಚುತ್ತದೆ. ಏಸಿಯ ಫಿಲ್ಟರನ್ನು ಬಿಟ್ಟೀತೇ? ಫಿಲ್ಟರ್ ಕಟ್ಟಿಕೊಂಡರೆ ಗಾಳಿಯಾಡದೆ ಕಾಯಿಲ್ ಮೇಲೆ ಮಂಜುಗಡ್ಡೆ. ಹೊರಗೆ 40 ಡಿಗ್ರಿ, ಡಬ್ಬದೊಳಗೆ ಹಿಮ, ನಡುವೆ ನಾವು. ತೊಳೆಯಲು ಒಂದು ಬಕೆಟ್ ನೀರು ಸಾಕು. ಸಾವಿರಾರು ಸುರಿದು ತಂದವರಿಗೆ ಆ ಬಕೆಟ್ ಎತ್ತುವುದು ಮರ್ಯಾದೆಗೆ ಕಡಿಮೆ.

ಕಂಪನಿಗೆ ಫೋನ್ ಮಾಡಿದೆ. ರೋಗ ಏನೆಂದು ಕೇಳಲಿಲ್ಲ, ಪಿನ್‌ಕೋಡ್ ಕೇಳಿದರು. ಬಳ್ಳಾರಿ ಇಲ್ಲಿಗೆ 50 ಕಿ.ಮೀ. ಆಸುಪಾಸು. ಅನಂತಪುರ ಹೆಚ್ಚುಕಡಿಮೆ ಅದರ ಇಮ್ಮಡಿ. ಆದರೂ ಟೆಕ್ನಿಷಿಯನ್ ಅನಂತಪುರದಿಂದಲೇ ಬರಬೇಕಂತೆ. 1953ರ ಅಕ್ಟೋಬರ್ 1ರಂದು ರಾಯದುರ್ಗವನ್ನು ಬಳ್ಳಾರಿಯಿಂದ ಕಿತ್ತು ಆಂಧ್ರಕ್ಕೆ ಸೇರಿಸಿದ ಗೆರೆಯನ್ನು ಹಗರಿಯ ಮರಳು ಕ್ಯಾರೇ ಅನ್ನುವುದಿಲ್ಲ. ಕಸ್ಟಮರ್ ಕೇರ್ ಮಾತ್ರ ಭಕ್ತಿಯಿಂದ ಪಾಲಿಸುತ್ತದೆ. ತೆಲುಗಿಗೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಕನ್ನಡಕ್ಕೆ ಏನು ಒತ್ತಬೇಕು? ಎದೆ ಒತ್ತಿಕೊಳ್ಳಬೇಕು.

ನಮ್ಮಂತೆ ಗಡಿಯಲ್ಲಿರುವ ಮಡಕಶಿರಾದವರ ಪಾಡು ಇನ್ನೂ ಚೆಂದ. 2022ರಲ್ಲಿ ಅವರನ್ನು ಅನಂತಪುರದಿಂದ ಬಿಡಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದರು. ಜಿಲ್ಲೆ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಅದೇ ಬಿಸಿಲು ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಆಗಿದೆ. ಮಡಕಶಿರಾದಲ್ಲಿ ಬರೀ ಬೆವರು.

ಇನ್ನು ದಿಲ್ಲಿಯ ಉಪದೇಶ. 2020ರ ಜನವರಿಯಿಂದ ಹೊಸ ಏಸಿಗಳು 24ರಲ್ಲೇ ಶುರುವಾಗಬೇಕೆಂದು ನಿಯಮ ಬಂತು. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವರು 20ರಿಂದ 28ರೊಳಗೇ ಇರುವಂತೆ ಮಾಡುತ್ತೇವೆ ಎಂದರು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿತಾಯವಂತೆ. ಲೆಕ್ಕ ಸರಿಯೇ. ಆದರೆ ಇಂಥ ಲೆಕ್ಕ ಒಪ್ಪಿಸುವ ಸಭೆಗಳಲ್ಲಿ ಬೇಸಿಗೆಯಲ್ಲೂ ಕೋಟು ಬಿಚ್ಚುವವರನ್ನು ನಾನು ಕಂಡಿಲ್ಲ. ಇತ್ತ ರಾಯದುರ್ಗದಲ್ಲಿ ತಗಡಿನ ಕೆಳಗೆ ಜೀನ್ಸ್ ಹೊಲಿಯುವವರ ಕೈಗೆ ಸಿಕ್ಕಿರುವುದು ಫ್ಯಾನಿನ ರೆಗ್ಯುಲೇಟರ್. 1ರಿಂದ 5. ಅದೇ ಜೀನ್ಸ್ ಮಾರುವ ಮಳಿಗೆಯಲ್ಲಿ ಗೊಂಬೆಗಳಿಗೂ ಏಸಿ.

ಏಸಿ ಮೊಂಡು ಹಿಡಿದರೆ ರಿಮೋಟಿನ ಸೆಲ್ ಬದಲಿಸಿ. ಮೋಡ್ ಕೂಲ್‌ನಲ್ಲಿದೆಯೇ ನೋಡಿ. ಫಿಲ್ಟರ್ ತೊಳೆಯಿರಿ. ಹೊರಗಿನ ಯೂನಿಟ್ಟಿಗೆ ಅಡ್ಡ ಒಟ್ಟಿದ ಹಳೇ ಸಾಮಾನು ತೆಗೆಯಿರಿ. ಆಮೇಲೂ ಬಗ್ಗದಿದ್ದರೆ ಮೆಕ್ಯಾನಿಕ್. ಅವನು ಗ್ಯಾಸ್ ಖಾಲಿ ಎಂದರೆ, ಸೋರುವ ಜಾಗ ತೋರಿಸಪ್ಪ ಎನ್ನಿ. ತೋರಿಸುವವರೆಗೆ ಜೇಬಿಗೆ ಕೈ ಹಾಕಬೇಡಿ.