ಗಿಣಿ ಇಲ್ಲದ ಶಾಸ್ತ್ರ

ಗಾಂಧಿ ಬಜಾರಿನ ಗಿಣಿಶಾಸ್ತ್ರದ ತಾತ ಟ್ಯಾರೋ ಮೇಡಂ ಹತ್ತಿರ ಕೆಲಸ ಕೇಳಲು ಬಂದಿದ್ದರು.

“ಗಿಣಿ ಎಲ್ಲಿ ತಾತ?”

“ಅರಣ್ಯದೋರು ತಗೊಂಡೋದ್ರು ತಾಯಿ. 1972ರ ವನ್ಯಜೀವಿ ಕಾಯ್ದೆಯಂತೆ. ಗಿಣಿ ಸಾಕೋದು ಅಪರಾಧ, ಭವಿಷ್ಯ ಹೇಳೋದಲ್ಲ.”

“ಇಲ್ಲಿ 78 ಕಾರ್ಡು. ಗಿರಾಕೀನೇ ಎತ್ತಬೇಕು.”

“ಗಿಣಿ ಕೆಲಸ ಗಿರಾಕಿಗೇ! ಭತ್ತದ ಖರ್ಚೂ ಉಳೀತು. ಯಾವ ಋಷಿ ಬರೆದದ್ದು?”

“15ನೇ ಶತಮಾನದಲ್ಲಿ ಇಟಲಿಯೋರು ಆಡೋಕೆ ಮಾಡ್ಕೊಂಡ ಇಸ್ಪೀಟು. ಭವಿಷ್ಯ ಅಂಟಿಸಿದ್ದು 18ನೇ ಶತಮಾನದ ಫ್ರಾನ್ಸಿನೋರು. ಒಳ್ಳೇ ರೀಡರ್ ಇದನ್ನೆಲ್ಲ ಬಾಯಿಬಿಡಬಾರದು. ಇದು ಬಂದರೆ ಏನಂತೀರಿ?”

ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ. ತಾತ ಗಿಣಿಯಂತೆಯೇ ಓರೆಗಣ್ಣಿನಲ್ಲಿ ನೋಡಿದರು.

“ನನ್ನ ಕಟ್ಟಿನಿಂದ ಯಮನ್ನ ಎಂದೋ ತೆಗೆದುಹಾಕಿದ್ದೆ. ದುಡ್ಡು ಕೊಡದೆ ಎದ್ದೋಗ್ತಿದ್ರು.”

“ತೆಗೆಯೋ ಹಾಗಿಲ್ಲ. ‘ಪರಿವರ್ತನೆ’ ಅನ್ನಬೇಕು.”

“ಕೆಲಸ ಹೋದೋರಿಗೆ?”

“ಪರಿವರ್ತನೆ.”

“ಗಂಡ ಬಿಟ್ಟೋರಿಗೆ?”

“ಪರಿವರ್ತನೆ. ಜಿಎಸ್‌ಟಿ ಬೇರೆ.”

“ಆಗಲಿ ತಾಯಿ. ಗಿರಾಕಿ ಚಪ್ಪಲಿ ಬಿಡೋ ಹೊತ್ತಿಗೇ ನಂಗೆ ಅರ್ಧ ಭವಿಷ್ಯ ಗೊತ್ತಾಗ್ತಿತ್ತು.”

“ಇಲ್ಲಿ ಚಪ್ಪಲಿ ಕಾಣಲ್ಲ, ಬರೀ ವಿಡಿಯೋ ಕಾಲ್.”

“ಹಂಗಾದ್ರೆ ದುಡ್ಡು ಮೊದಲೇ ತಗೋಬೇಕಲ್ವ?”

“ನಾಳೆಯಿಂದಲೇ ಬನ್ನಿ ತಾತ.”