ಸೋರುವ ಟ್ಯಾಂಕು ಬದಲಿಸುವ ಕ್ರಮ: ಮಾಲೀಕರ ಕೈಪಿಡಿ

ಈ ಕೈಪಿಡಿ ಪಂಚರ್ ಅಂಗಡಿ, ಗ್ಯಾರೇಜು, ಪೇಂಟಿಂಗ್ ಶೆಡ್ಡುಗಳಲ್ಲಿ ಹದಿನೈದಿಪ್ಪತ್ತು ವರ್ಷದಿಂದ ದುಡಿಯುತ್ತಿರುವ, ಬೆಲ್ಟಿನ ಏರ್ ಕಂಪ್ರೆಸರುಗಳಿಗೆ ಅನ್ವಯಿಸುತ್ತದೆ. ಯಂತ್ರದ ಜೊತೆ ಬಂದಿದ್ದ ಮೂಲ ಕೈಪಿಡಿ ನಿಮ್ಮ ಹತ್ತಿರ ಇದ್ದರೆ ಅದನ್ನೇ ಓದಿ. ಇರಲಾರದು ಎಂಬ ಭರವಸೆಯ ಮೇಲೆ ಇದನ್ನು ಸಿದ್ಧಪಡಿಸಲಾಗಿದೆ.

ಸೋರಿಕೆಯ ಲಕ್ಷಣಗಳು: ಮೇನ್ ಆಫ್ ಮಾಡಲು ಮರೆತು ಅಂಗಡಿ ಬಾಗಿಲು ಹಾಕಿದ ದಿನ, ಯಾರೂ ಗಾಳಿ ಹಿಡಿಯದಿದ್ದರೂ ನಡುರಾತ್ರಿ ಮೋಟರು ತಾನಾಗಿಯೇ ಎದ್ದು ಒಂದಷ್ಟು ಹೊತ್ತು ಬಡಿದುಕೊಂಡು ಸುಮ್ಮನಾಗುತ್ತದೆ. ಪಕ್ಕದ ಮನೆಯವರು ಇದನ್ನು ನಿಮಗಿಂತ ಮೊದಲೇ ಗಮನಿಸಿರುತ್ತಾರೆ. ಬೆಳಿಗ್ಗೆ ಅವರು ಹೇಳುವುದನ್ನು ಬೈಗುಳ ಎಂದುಕೊಳ್ಳದೆ ತಪಾಸಣಾ ವರದಿ ಎಂದು ಸ್ವೀಕರಿಸಿ. ಆಮೇಲೆ ಸೋಪಿನ ನೊರೆ ಕಲಸಿ ಒಂದೊಂದೇ ಜಾಯಿಂಟಿಗೆ ಬಳಿಯುತ್ತ ಬನ್ನಿ. ನೀವು ಶುರು ಮಾಡುವುದು ಮೇಲಿನಿಂದಲೇ: ಹೆಡ್ಡು, ತಾಮ್ರದ ಪೈಪು, ಪ್ರೆಶರ್ ಸ್ವಿಚ್ಚು, ಮೀಟರು. ಸದ್ದು ಮಾಡುವುದೆಲ್ಲ ಮೇಲಿದೆ, ಹಾಗಾಗಿ ತಪ್ಪು ಮಾಡುವುದೂ ಅದೇ ಎಂಬುದು ನಮ್ಮ ಲೋಕಾನುಭವ. ಅಲ್ಲೆಲ್ಲೂ ಗುಳ್ಳೆ ಬರದಿದ್ದಾಗ ಗಾಳಿಯನ್ನು ಮೂವತ್ತು ಪೌಂಡಿಗೆ ಇಳಿಸಿ, ಬಗ್ಗಿ, ಟ್ಯಾಂಕಿನ ಹೊಟ್ಟೆಯ ಅಡಿಗೆ ಬಳಿಯಿರಿ. ಬಣ್ಣ ಉಬ್ಬಿ ಚಕ್ಕೆ ಎದ್ದ ಜಾಗದಲ್ಲಿ ಒಂದು ಗುಳ್ಳೆ ಹುಟ್ಟಿ, ನೋಡನೋಡುತ್ತ ದೊಡ್ಡದಾಗಿ, ಒಡೆದು, ಅಲ್ಲೇ ಮತ್ತೊಂದು ಹುಟ್ಟುತ್ತದೆ. ಅದೇ ನೀವು ಹುಡುಕುತ್ತಿದ್ದ ತೂತು. ತುಂಬಿದ ಟ್ಯಾಂಕಿನ ಕೆಳಗೆ ಮುಖ ಇಟ್ಟು ಇದನ್ನು ಹುಡುಕಬಾರದು.

ಕಾರಣ: ತೂತು ಒಳಗಿನಿಂದ ಬಂದಿದೆ. 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 26 ಗ್ರಾಂ ನೀರಿನ ಆವಿಯನ್ನು ಹೊರಬಲ್ಲದು. ಮಂಗಳೂರಿನ ಜುಲೈ ತಿಂಗಳಲ್ಲಿ ಅದು ಹೆಚ್ಚುಕಡಿಮೆ ಅಷ್ಟನ್ನೂ ಹೊತ್ತುಕೊಂಡೇ ಇರುತ್ತದೆ. ಅದನ್ನು ಹತ್ತು ಪಟ್ಟು ಹಿಂಡಿ ಟ್ಯಾಂಕಿಗೆ ತುಂಬಿದರೆ, ತಣ್ಣಗಾದ ಮೇಲೆ ಎರಡೂವರೆ ಗ್ರಾಂ ಇಟ್ಟುಕೊಂಡು ಉಳಿದದ್ದನ್ನು ತಳಕ್ಕೆ ಇಳಿಸುತ್ತದೆ. ಅಂದರೆ ಕಂಪ್ರೆಸರು ಗಾಳಿಯ ಜೊತೆಗೆ ದಿನವಿಡೀ ನೀರನ್ನೂ ತಯಾರಿಸುತ್ತಿರುತ್ತದೆ. ಆ ನೀರು ಹೊರಗೆ ಹೋಗಲೆಂದು ಕಂಪನಿಯವರು ಟ್ಯಾಂಕಿನ ಅಡಿಯಲ್ಲಿ ಒಂದು ಡ್ರೈನ್ ಕಾಕು ಇಟ್ಟಿದ್ದಾರೆ. ಅದನ್ನು ದಿನಾ ತಿರುಗಿಸಬೇಕು. ನಿಮ್ಮಲ್ಲಿ ಗಾಳಿ ಹಿಡಿಸಲು ಬರುವ ಲಾರಿ ಡ್ರೈವರು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ತನ್ನ ಏರ್ ಬ್ರೇಕಿನ ಟ್ಯಾಂಕಿನ ನೀರು ಬಿಟ್ಟೇ ಬಂದಿರುತ್ತಾನೆ. ಅವನ ಟಯರಿಗೆ ಗಾಳಿ ಕೊಡುವ ನಿಮ್ಮ ಟ್ಯಾಂಕಿನ ಕಾಕು ಮಾತ್ರ ಮಡ್ಡಿ ಕಟ್ಟಿ ಇಕ್ಕಳಕ್ಕೂ ಜಗ್ಗದ ಸ್ಥಿತಿ ತಲುಪಿದೆ. ಬಲವಂತವಾಗಿ ತೆಗೆದರೆ ಎಣ್ಣೆ, ತುಕ್ಕು, ನೀರು ಕಲೆತು ಹಾಲು ಹಾಕಿದ ಚಹಾದಂಥದ್ದು ಬುಳುಬುಳು ಸುರಿಯುತ್ತದೆ. ಗಿರಾಕಿಗಳ ಎದುರು ತೆಗೆಯಬೇಡಿ.

ಮೊದಲನೇ ಹಂತ: ಸಲಹೆ ಕೇಳುವುದು. ಇದನ್ನು ನೀವಾಗಿ ಮಾಡಬೇಕಾಗಿಲ್ಲ, ಸಲಹೆಯೇ ನಡೆದು ಬರುತ್ತದೆ. ಒಬ್ಬರು ಎಂ-ಸೀಲ್ ಅನ್ನುತ್ತಾರೆ. ಇನ್ನೊಬ್ಬರು ಹಳೇ ಟ್ಯೂಬಿನ ಪಟ್ಟಿ ಸುತ್ತಿ ಕ್ಲಾಂಪ್ ಬಿಗಿಯಲು ಹೇಳುತ್ತಾರೆ. ಮೂರನೆಯವರು ತೂತಿಗೆ ಸ್ಕ್ರೂ ತಿರುಪಿಬಿಡಿ ಅನ್ನುತ್ತಾರೆ. ಅವರೂ ಪಂಚರ್ ಅಂಗಡಿಯವರೇ, ತೂತು ಕಂಡಲ್ಲಿ ಏನನ್ನಾದರೂ ತುರುಕದೆ ಅವರ ಕೈ ಸುಮ್ಮನಿರದು. ಎಲ್ಲರಿಗೂ ಟೀ ಹೇಳಿ ಕಳಿಸಿ.

ಎರಡನೇ ಹಂತ: ಕರೆಂಟು ತೆಗೆದು ಗಾಳಿ ಬಿಡಿ. ಮೀಟರಿನ ಮುಳ್ಳು ಸೊನ್ನೆಗೆ ಬಂತೆಂದು ನಂಬಬೇಡಿ. ಎಷ್ಟೋ ಅಂಗಡಿಗಳಲ್ಲಿ ಆ ಮುಳ್ಳು ಎಲ್ಲೋ ಒಂದು ಕಡೆ ನಿಂತು ವರ್ಷಗಳಾಗಿವೆ. ಕಾಕು ತೆರೆದಿಟ್ಟು, ಸೇಫ್ಟಿ ವಾಲ್ವಿನ ರಿಂಗು ಎಳೆದು, ಒಂದು ಸುಸ್ ಕೂಡ ಬರದಿದ್ದ ಮೇಲಷ್ಟೇ ಪಾನಾ ಹಿಡಿಯಿರಿ.

ಮೂರನೇ ಹಂತವನ್ನು ಈ ಕೈಪಿಡಿಯಿಂದ ಕಿತ್ತು ಹಾಕಲಾಗಿದೆ. ಅದರ ಹೆಸರು ವೆಲ್ಡಿಂಗ್.

ಆದರೂ ವೆಲ್ಡಿಂಗ್ ಶಾಪಿನ ಹುಡುಗ ಬಂದೇ ಬರುತ್ತಾನೆ. "ಒಂದು ಚುಕ್ಕೆ ಹೊಡುದ್ರೆ ಆಯ್ತು ಬಿಡಣ್ಣ, ಹೊಸಾ ಟ್ಯಾಂಕ್ ಯಾಕೆ?" ಅವನ ಕೈಚಳಕದ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ತಗಡಿನದು. ತೂತು ಬಿದ್ದದ್ದು ಒಂದೇ ಜಾಗದಲ್ಲಾದರೂ ನೀರು ನಿಂತದ್ದು ತಳದ ಉದ್ದಕ್ಕೂ. ಐದು ಮಿಲಿಮೀಟರ್ ಇದ್ದ ತಗಡು ಸುತ್ತಮುತ್ತ ಎಷ್ಟು ಉಳಿದಿದೆಯೋ ಹೊರಗಿನಿಂದ ಕಾಣಿಸದು. ಚುಕ್ಕೆ ಹೊಡೆದ ಜಾಗ ಗಟ್ಟಿಯಾಗಿ, ಅದರ ಅಂಚು ಇನ್ನಷ್ಟು ಸಪೂರವಾಗುತ್ತದೆ. ಇನ್ನು ಒಳಗಿನ ಒತ್ತಡದ ಲೆಕ್ಕ ನೋಡಿ. 150 ಪೌಂಡು ಅಂದರೆ ಪ್ರತಿ ಚದರ ಇಂಚಿಗೆ 68 ಕಿಲೋ. 16 ಇಂಚು ಅಗಲದ ಟ್ಯಾಂಕಿನ ಒಂದು ಮುಚ್ಚಳದ ಮೇಲೆ 13 ಟನ್ನಿಗೂ ಮಿಕ್ಕಿದ ಬಲ, ನೀವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪೇಪರು ಓದುವಷ್ಟು ಹೊತ್ತೂ ಹೊರಕ್ಕೆ ನೂಕುತ್ತಿರುತ್ತದೆ. 200 ಲೀಟರಿನ ಟ್ಯಾಂಕು ಅಷ್ಟು ಒತ್ತಡದಲ್ಲಿ ಸಿಡಿದರೆ ಹೊರಬರುವ ಶಕ್ತಿ, ಒಂದು ಟನ್ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿರುವಷ್ಟು. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆ, 1948ರ 31ನೇ ಕಲಂ ಇಂಥ ಯಂತ್ರಗಳಲ್ಲಿ ಸುರಕ್ಷಿತ ಒತ್ತಡ ಮೀರದಂತೆ ನೋಡಿಕೊಳ್ಳಬೇಕು ಎನ್ನುತ್ತಿತ್ತು. ರಸ್ತೆ ಪಕ್ಕದ ತಗಡಿನ ಶೆಡ್ಡು ಆ ಕಾಯ್ದೆಯ ಕಣ್ಣಿಗೆ ಕಾರ್ಖಾನೆಯಾಗಿರಲಿಲ್ಲ. ಟ್ಯಾಂಕು ಕಾಯ್ದೆ ಓದಿಲ್ಲ.

ನಾಲ್ಕನೇ ಹಂತ: ಬೇರೆ ಟ್ಯಾಂಕು ತರುವುದು. ಸೆಕೆಂಡ್ ಹ್ಯಾಂಡ್ ಟ್ಯಾಂಕು ನೋಡಲು ಹೋದಲ್ಲಿ ಎಲ್ಲವೂ ಒಂದೇ ನೀಲಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಿದ್ದರೆ, ಒಣಗದ ಬಣ್ಣವನ್ನು ಮುಟ್ಟಿ ನೋಡದೆ ವಾಪಸು ಬನ್ನಿ. ಟ್ಯಾಂಕಿಗೆ ಹೊಡೆದ ಪಟ್ಟಿಯಲ್ಲಿ ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ತಯಾರಾದ ವರ್ಷ ಇರಬೇಕು. ಪಟ್ಟಿಯ ಮೇಲೂ ಬಣ್ಣ ಹೊಡೆದಿದ್ದರೆ ಮುಚ್ಚಿಡುವಂಥದ್ದು ಏನೋ ಇದೆ. ಪರೀಕ್ಷೆ ಅಂದರೆ ನೀರು ತುಂಬಿಸಿ ಒತ್ತುವ ಪರೀಕ್ಷೆ. ನೀರು ಹಿಂಡಿದರೆ ಕುಗ್ಗುವುದಿಲ್ಲ, ಆದ್ದರಿಂದ ಟ್ಯಾಂಕು ಬಿಟ್ಟುಕೊಟ್ಟರೂ ಒಂದು ಚಿಮ್ಮುವಿಕೆಯಲ್ಲಿ ಒತ್ತಡ ಇಳಿದುಹೋಗುತ್ತದೆ. ಗಾಳಿಯಿಂದಲೇ ಪರೀಕ್ಷೆ ಮಾಡಿ ತೋರಿಸುತ್ತೇನೆ ಎನ್ನುವವನ ಅಂಗಡಿಯಲ್ಲಿ ನಿಲ್ಲಬೇಡಿ.

ಐದನೇ ಹಂತ: ಬಿಚ್ಚುವುದು. ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಹೆಡ್ಡಿನಿಂದ ಬರುವ ದಪ್ಪ ಪೈಪು ಎಲ್ಲಿಗೆ, ಪ್ರೆಶರ್ ಸ್ವಿಚ್ಚಿಗೆ ಹೋಗುವ ತೆಳು ಪೈಪು ಎಲ್ಲಿಂದ ಎಂಬುದು ಈಗ ಎಷ್ಟು ಸ್ಪಷ್ಟವಾಗಿದೆಯೋ ಜೋಡಿಸುವಾಗ ಅಷ್ಟೇ ನಿಗೂಢವಾಗಿರುತ್ತದೆ. ಬೆಲ್ಟು ಕಳಚಿ, ಅದರ ಮೇಲಿನ ನಂಬರು ಬರೆದಿಟ್ಟುಕೊಳ್ಳಿ. ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಮೂರು ಬಿಚ್ಚಿಕೊಳ್ಳುತ್ತವೆ. ನಾಲ್ಕನೆಯದಕ್ಕೆ ಗ್ರೈಂಡರ್ ತರಿಸಿ.

ಹೆಡ್ಡು ಎತ್ತಲು ಇಬ್ಬರು ಬೇಕು. ಒಬ್ಬರೇ ಎತ್ತಿದ್ದನ್ನು ಜೀವನವಿಡೀ ಹೇಳಿಕೊಂಡು, ಸೊಂಟ ಹಿಡಿದುಕೊಂಡು ಓಡಾಡುವವರು ಪ್ರತಿ ಊರಲ್ಲೂ ಇದ್ದಾರೆ.

ಆರನೇ ಹಂತ: ಕೂರಿಸುವುದು. ಹೊಸ ಟ್ಯಾಂಕಿನ ತೂತುಗಳು ನಿಮ್ಮ ಹೆಡ್ಡಿಗೆ ಕೂರುವುದಿಲ್ಲ. ಅಳತೆ ತೆಗೆದುಕೊಂಡು ಹೋಗಿದ್ದರೂ ಕೂರುವುದಿಲ್ಲ. ಟ್ಯಾಂಕಿನ ಮೈಗೆ ಡ್ರಿಲ್ ತಾಗಿಸದೆ, ಮೇಲಿನ ಪ್ಲೇಟಿನ ತೂತುಗಳನ್ನಷ್ಟೇ ಉದ್ದ ಮಾಡಿಕೊಳ್ಳಿ. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದರೆ ದಾರ ಎರಡನ್ನೂ ಸಮನಾಗಿ ಮುಟ್ಟಬೇಕು. ಬೆಲ್ಟು ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಜಗ್ಗಲಿ. ತ್ರೀ ಫೇಸ್ ಮೋಟರಾದರೆ ಸ್ವಿಚ್ ಹಾಕಿ ದೊಡ್ಡ ಚಕ್ರ ಯಾವ ಕಡೆ ತಿರುಗುತ್ತದೆ ನೋಡಿ: ಅದರ ಗಾಳಿ ಹೆಡ್ಡಿನ ಮೇಲೆ ಬೀಸಬೇಕು. ನಿಮ್ಮ ಮುಖದ ಮೇಲೆ ತಣ್ಣಗೆ ಬೀಸುತ್ತಿದ್ದರೆ ಹಾಯೆನಿಸಿದರೂ ಆಫ್ ಮಾಡಿ, ಮೇನ್ ತೆಗೆದು, ಎರಡು ವೈರು ಅದಲುಬದಲು ಮಾಡಿಸಿ. ಸೇಫ್ಟಿ ವಾಲ್ವು ಪಟ್ಟಿಯಲ್ಲಿ ಹೇಳಿದ ಒತ್ತಡ ದಾಟುವ ಮೊದಲೇ ತೆರೆಯುವಂಥದ್ದಿರಲಿ. ಅದು ಆಗಾಗ ಗಾಳಿ ಬಿಟ್ಟು ಕಿರಿಕಿರಿ ಮಾಡಿದರೆ ಪ್ಲಗ್ಗು ಹಾಕಿ ಬಾಯಿ ಮುಚ್ಚಿಸಬೇಡಿ. ಪ್ರೆಶರ್ ಸ್ವಿಚ್ಚು ಸರಿಯಾದ ಹೊತ್ತಿಗೆ ಮೋಟರು ನಿಲ್ಲಿಸುತ್ತಿದೆಯೇ ನೋಡಿ. ಮೋಟರು ನಿಂತ ಮೇಲೂ ಸ್ವಿಚ್ಚಿನ ಹತ್ತಿರ ಸುಯ್ ಅನ್ನುತ್ತಲೇ ಇದ್ದರೆ ಹೊಸ ಟ್ಯಾಂಕನ್ನು ಬೈಯಬೇಡಿ, ನಾನ್ ರಿಟರ್ನ್ ವಾಲ್ವಿನಲ್ಲಿ ಕಸ ಕೂತಿದೆ.

ಹಳೇ ಟ್ಯಾಂಕಿನ ವಿಲೇವಾರಿ: ಗುಜರಿಯವನು ತೂಕಕ್ಕೆ ಹಾಕುವ ಮುಂಚೆಯೇ ಹೇಳುತ್ತಾನೆ, "ಕಟ್ ಮಾಡಿಸ್ಬೇಡಿ ಸಾರ್, ಇಡೀಯಾಗಿ ಕೊಟ್ರೆ ರೇಟು ಬೇರೆ." ರೇಟು ಯಾಕೆ ಬೇರೆ ಎಂದು ಕೇಳುವ ಬದಲು ಅವನ ಶೆಡ್ಡಿನ ಮೂಲೆಗೆ ಒಮ್ಮೆ ಕಣ್ಣು ಹಾಯಿಸಿ. ನೀಲಿ ಬಣ್ಣದ ಡಬ್ಬಿ, ಅದರೊಳಗೆ ಬ್ರಷ್ಷು. ಟ್ಯಾಂಕನ್ನು ನೀರಿನಿಂದ ತೊಳೆಸಿ, ಎಲ್ಲ ಬಾಯಿ ತೆರೆದಿಟ್ಟು, ಗ್ಯಾಸ್ ಕಟರಿನಲ್ಲಿ ಎರಡು ಹೋಳು ಮಾಡುವ ತನಕ ಅಲ್ಲೇ ನಿಲ್ಲಿ. ಆಮೇಲೆ ಕಡಿಮೆ ರೇಟಿಗೆ ತೂಕ ಹಾಕಿಸಿ, ದುಡ್ಡು ಎಣಿಸಿಕೊಂಡು ಬನ್ನಿ.